ಹೊರಮೈ

ಬಸರಾಳಿನಲ್ಲಿ ಮನೆ ಕಟ್ಟುವವನಿಗೆ ಒಂದು ತಾಪತ್ರಯವಿದೆ: ಊರಿನ ಮಲ್ಲಿಕಾರ್ಜುನ ದೇವಸ್ಥಾನ. 1234ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, ಹರಿಹರ ದಣ್ಣಾಯಕ ಕಟ್ಟಿಸಿದ ಆ ಗುಡಿಯ ಹೊರಗೋಡೆ ಕಂಡವರ ಊರಿನಲ್ಲಿ, ಸಿಮೆಂಟು ಬಳಿದ ಗೋಡೆಯ ಮುಂದೆ ನಿಂತು ಬೀಗುವುದಕ್ಕೆ ಧೈರ್ಯ ಬೇಕು. ನನಗೆ ಅದು ಬೇಕಾದಷ್ಟಿದೆ.

ಹೊರಗಾರೆ ಹಿಂದಿನ ಸಂಜೆಯೇ ಶುರು. ಇಟ್ಟಿಗೆಗೆ ನೀರು ಕುಡಿಸಬೇಕು. ಇಲ್ಲದಿದ್ದರೆ ಅದು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಪಿಲ್ಲರೂ ಇಟ್ಟಿಗೆಯೂ ಕೂಡುವಲ್ಲಿ ಚಿಕನ್ ಮೆಶ್ ಬಡಿಯಬೇಕು. ಬಿಸಿಲಿಗೆ ಎರಡೂ ಹಿಗ್ಗುವ ಪರಿ ಬೇರೆ, ಬಿರುಕು ಬಿಡುವುದು ಅಲ್ಲೇ. ಆಮೇಲೆ ತೂಕಗುಂಡು ಇಳಿಬಿಟ್ಟು ಅಲ್ಲಲ್ಲಿ ಗಾರೆಯ ಬೊಟ್ಟಿಟ್ಟು ದಪ್ಪ ಗೊತ್ತುಮಾಡುತ್ತಾರೆ.

ಸಿಮೆಂಟು ಒಂದು ಪಾಲಿಗೆ ಮರಳು 4 ಪಾಲು. ಹೊಳೆಮರಳಿನ ಕಾಲ ಹೋಯಿತು, ಈಗ ಕ್ರಷರಿನ ಪಿ-ಸ್ಯಾಂಡು. ಮೇಸ್ತ್ರಿ ಕರಣೆಯಿಂದ ಬೀಸಿದ ಗಾರೆ ಚಪ್ಪೆಂದು ಗೋಡೆಗೆ ಕೂರುವ ಸದ್ದಿಗೆ ನಾನು ಮರುಳು. ಮೆತ್ತಿದ್ದಕ್ಕೆ ಆ ಹಿಡಿತ ಇಲ್ಲ. ಬೀಸಿದ್ದು ರಭಸಕ್ಕೆ ಸಂದಿಗೊಂದಿಗೆಲ್ಲ ನುಗ್ಗುತ್ತದೆ. ಪಟ್ಟಿ ಎಳೆದಾದ ಮೇಲೆ ಕಾಯುವ ಹೊತ್ತು. ಬೇಗ ಮಣೆ ಆಡಿಸಿದರೆ ಗಾರೆ ಜಾರುತ್ತದೆ, ತಡವಾದರೆ ಮಾತು ಕೇಳುವುದಿಲ್ಲ. ಬೆರಳೊತ್ತಿದರೆ ಗುರುತು ಮೂಡಬೇಕು, ಬೆರಳಿಗೆ ಅಂಟಬಾರದು. ಆಲೆಮನೆಯಲ್ಲಿ ಪಾಕ ನೋಡುವವನ ಹದವೂ ಇಂಥದೇ.

ಬೆಲ್ಲಕ್ಕೂ ಗಾರೆಗೂ ಹಳೆಯ ನಂಟು ಬೇರೆ ಇದೆ. ಸಿಮೆಂಟು ಬರುವ ಮೊದಲು ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಅರೆಯುತ್ತಿದ್ದರು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ವರ್ಷಗಟ್ಟಲೆ ನಿಧಾನವಾಗಿ ಕಲ್ಲಾಗುತ್ತದೆ. ಸಿಮೆಂಟಿಗೆ ಅಷ್ಟು ತಾಳ್ಮೆಯಿಲ್ಲ. ಅದೂ 7 ದಿನವಾದರೂ ನೀರು ಕೇಳುತ್ತದೆ. ಬೆಳಗಾದರೆ ಮೇಸ್ತ್ರಿಯದು ಒಂದೇ ವಿಚಾರಣೆ: “ಗ್ವಾಡೆಗೆ ನೀರ್ ಬುಟ್ರಾ ಸಾ?”

ಇಷ್ಟೆಲ್ಲದರಲ್ಲಿ ನನಗೆ ಅತಿ ಪ್ರಿಯವಾದದ್ದು ಯಾರ ಕಣ್ಣಿಗೂ ಬೀಳದ ಒಂದು ಗೆರೆ. ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ, ಅಂಚಿನಿಂದ ತುಸು ಒಳಗೆ, ಹಸಿ ಗಾರೆಯಲ್ಲಿ ತೆಗೆದ ಸಣ್ಣ ತೋಡು. ಮಳೆನೀರು ಸಜ್ಜಾದ ಹೊಟ್ಟೆ ಹಿಡಿದು ಗೋಡೆಯತ್ತ ತೆವಳಿ ಬಂದರೆ, ಅಲ್ಲಿ ಮುಂದೆ ಹೋಗಲಾರದೆ ತೊಟ್ಟಿಕ್ಕುತ್ತದೆ. ದೇವಸ್ಥಾನದ ಬಳಪದ ಕಲ್ಲಿಗೆ ಗಾರೆ ಬೇಡ. ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲದು. ಆದರೂ ಶಿಲ್ಪಗಳ ಮೇಲೆ ಸುತ್ತಲೂ ಸೂರು ಚಾಚಿಸುವುದನ್ನು ಹೊಯ್ಸಳರು ಮರೆಯಲಿಲ್ಲ. ನೀರಿನ ಲೆಕ್ಕ ಮುಗಿಸಿಯೇ ಅವರು ಚಂದದ ಲೆಕ್ಕಕ್ಕೆ ಕೂತಿರಬೇಕು ಎಂದು ನನ್ನ ಗುಮಾನಿ.

ಬಣ್ಣದ್ದು ನನಗೆ ದೊಡ್ಡ ವಿಷಯವಲ್ಲ, ಬೀದಿಗೆ ದೊಡ್ಡದು. ಎದುರುಮನೆಯವರದು ಗಿಳಿಹಸಿರು, ತಂಗಿಯದು ನೇರಳೆ. ನನಗೆ ಸುಣ್ಣದ ಬಿಳುಪು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಸಾಕು. ಮಳೆಗೆ ಅಂಗಳದ ಮಣ್ಣು ಸಿಡಿದರೂ ಅದರಲ್ಲಿ ಕಾಣುವುದಿಲ್ಲ. ಮೇಸ್ತ್ರಿ ಕೇಳಿಸಿಕೊಂಡು, ಕರಣೆ ತೊಳೆಯುತ್ತ ಹೇಳಿದ: “ಇಸ್ಕೂಲ್ ಬಣ್ಣ ಆಯ್ತಲ್ಲ ಸಾ. ಹಂಗಾರೆ ಬಾಗ್ಲಲ್ಲಿ ಒಂದ್ ಗಂಟೆನೂ ನೇತಾಕ್ಸಿ.”