ಎದುರುಗಾಳಿ ಮತ್ತು ಅಮ್ಮನ ಪ್ರಶ್ನೆ

ಕಳೆದ ಜುಲೈನಲ್ಲಿ ಅಮ್ಮನ ಮೊದಲ ವಿಮಾನಯಾನ. ಬೆಂಗಳೂರಿಂದ ಮುಂಬೈಗೆ, ಅಕ್ಕನ ಬಾಣಂತನಕ್ಕೆ. ಇಳಿಯೋ ಹೊತ್ತಿಗೆ ಹೊರಗೆ ಜಡಿಮಳೆ, ಗಾಳಿ. ಎಂಜಿನ್ ಒಮ್ಮೆ ಮೆತ್ತಗಾಗೋದು, ಮತ್ತೆ ಗುರ್ರ್ ಅನ್ನೋದು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು.

"ಏನಿಲ್ಲಮ್ಮ, ಎದುರುಗಾಳಿ ಜೋರಾಗಿದೆ. ಅದಕ್ಕೇ ಪೈಲಟ್ ಸ್ಪೀಡ್ ಕಮ್ಮಿ ಮಾಡ್ತಿದಾರೆ" ಅಂದೆ.

"ಕಮ್ಮಿ ಮಾಡೋರು ಎಂಜಿನ್ ಯಾಕೋ ಕೂಗಿಸ್ತಾರೆ?"

ಬಿ.ಇ. ಓದಿದ ಮಗ ತೆಪ್ಪಗೆ ಕೂತ :)

ವಾಪಸ್ ಬಂದು ಓದಿದೆ. ನಾನು ಹೇಳಿದ್ದು ತಲೆಕೆಳಗು! ಎದುರುಗಾಳಿ ಇದ್ರೆ ಸ್ಪೀಡ್ ಹೆಚ್ಚಿಸ್ತಾರೆ.

ವಿಮಾನಕ್ಕೆ ಎರಡು ಸ್ಪೀಡ್. ಒಂದು ಗಾಳಿಯ ಲೆಕ್ಕದಲ್ಲಿ, ಇನ್ನೊಂದು ನೆಲದ ಲೆಕ್ಕದಲ್ಲಿ. ರೆಕ್ಕೆ ನೋಡೋದು ಮೊದಲನೇದನ್ನ, ರನ್‌ವೇ ನೋಡೋದು ಎರಡನೇದನ್ನ. ಅವತ್ತಿನ ತೂಕಕ್ಕೆ ಇಳಿಯೋ ಸ್ಪೀಡ್ 130 ನಾಟ್ (ಗಂಟೆಗೆ ಸುಮಾರು 240 ಕಿ.ಮೀ.) ಅಂದ್ಕೊಳ್ಳಿ. ಎದುರುಗಾಳಿ 20 ನಾಟ್. ಬೋಯಿಂಗ್ 737ರಲ್ಲಿ ಎಂಜಿನ್ ಹತೋಟಿ ಪೈಲಟ್ ಕೈಯಲ್ಲೇ ಇದ್ರೆ, ಎದುರುಗಾಳಿಯ ಅರ್ಧದಷ್ಟನ್ನ ಸೇರಿಸ್ಕೋತಾರೆ. ಅಲ್ಲಿಗೆ 140. ಗಾಳಿ ರಪ್ ರಪ್ ಅಂತ ಬೀಸ್ತಿದ್ರೆ ಆ ಹೆಚ್ಚಳವನ್ನೂ ಪೂರ್ತಿ ಸೇರಿಸ್ತಾರೆ, ಒಂದು ಮಿತಿಯೊಳಗೆ.

ಯಾಕೆ? ನೆಲದ ಹತ್ತಿರ ಬಂದಂತೆ ಗಾಳಿ ಸಾಮಾನ್ಯವಾಗಿ ಇಳಿಯುತ್ತೆ. 20 ಇದ್ದದ್ದು ದಿಢೀರ್ ಅಂತ 10 ಆಯ್ತು ಅಂದ್ರೆ, ಅರವತ್ತು ಟನ್ನಿನ ವಿಮಾನ ತಕ್ಷಣ ಮುನ್ನುಗ್ಗಿ ಸರಿಮಾಡ್ಕೊಳ್ಳಕ್ಕಾಗಲ್ಲ. ರೆಕ್ಕೆಗೆ 10 ನಾಟ್ ಖೋತಾ. ಮೊದಲೇ ಕೂಡಿಟ್ಟ 10 ಆಗ ಕಾಯುತ್ತೆ. ಇಷ್ಟಾದ್ರೂ ಮೇಲಿದ್ದಾಗ ನೆಲದ ಲೆಕ್ಕದಲ್ಲಿ ಓಡ್ತಿದ್ದದ್ದು 120 ಮಾತ್ರ. ಹಂಗಾಗಿ ನಾನು ಹೇಳಿದ್ದೂ ಒಂಚೂರು ಸರಿನೇ!

ಈ ಕೂಡಿಟ್ಟ ಗಂಟು ಎಲ್ಲದಕ್ಕೂ ಸಾಲಲ್ಲ. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್-ಫೋರ್ಟ್ ವರ್ತ್‌ನಲ್ಲಿ ಇಳೀತಿದ್ದ ಡೆಲ್ಟಾ 191 ವಿಮಾನ ಗುಡುಗುಮಳೆಯೊಳಗೆ ಸಿಕ್ತು. ಮೊದಲು ಜೋರು ಎದುರುಗಾಳಿ, ಕ್ಷಣಗಳಲ್ಲಿ ಅದೇ ಹಿಂಗಾಳಿ. 137 ಜನ ಹೋದ್ರು. ಅಂಥ ಗಾಳಿ ಕಂಡ್ರೆ ಇಳಿಯೋ ಆಸೆ ಬಿಟ್ಟು ಮೇಲೇರೋದೇ ದಾರಿ. ಇದನ್ನ ಮಾತ್ರ ಅಮ್ಮಂಗೆ ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ಅವಳು ಒಬ್ಬಳೇ ವಾಪಸ್ ಬರಬೇಕಿತ್ತು. ಫೋನಲ್ಲಿ ಉಳಿದದ್ದೆಲ್ಲ ವಿವರಿಸಿದೆ.

"ಅಂದ್ರೆ ಎಂಜಿನ್ ಕೂಗಿದ್ರೆ ಒಳ್ಳೇದು ಅಂತಾನಾ?"

"ಹೂಂ, ಪೈಲಟ್ ಗಾಳಿ ಮೇಲೆ ಕಣ್ಣಿಟ್ಟಿದಾರೆ ಅಂತ."

ಬೆಂಗಳೂರಲ್ಲಿ ಇಳಿದವಳೇ ನನ್ನ ನೋಡಿ ಹೇಳಿದ್ದು: "ಈ ಸಲ ಕೂಗಲೇ ಇಲ್ಲ ಕಣೋ... ಭಯ ಆಗೋಯ್ತು!"