ನೀರಿನ ಮೇಲಿನ ಶಾಸನ

ದಸರೆಯ ರಜೆಯಲ್ಲಿ ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟಿದ್ದೆ. ಬಸ್ಸು ಮಸ್ಕಿಯಲ್ಲಿ ಕೊಂಚ ಹೊತ್ತು ನಿಂತಿತು. ಅಶೋಕನ ಹೆಸರನ್ನೇ ಹೊತ್ತ ಶಾಸನವು 1915ರಲ್ಲಿ ಬೆಳಕಿಗೆ ಬಂದದ್ದು ಈ ಊರಿನಲ್ಲಿ. ಕನ್ನಡ ಕಲಿಸುವ ನನಗೆ ಶಾಸನವೆಂದರೆ ಕಲ್ಲಿನ ಮೇಲಣ ಅಕ್ಷರ. ನೀರಿನ ಮೇಲೂ ಶಾಸನವಿರುವುದೆಂದು ಅಂದು ಸಂಜೆ ತಿಳಿದೆ.

ಸಿಂಧನೂರು ಸಮೀಪಿಸಿದಂತೆ ಜೋಳ, ಹತ್ತಿಗಳ ಕರಿಯ ನೆಲ ಹಿಂದೆ ಸರಿದು, ಕಣ್ಣಿಗೆಟುಕುವವರೆಗೆ ಭತ್ತದ ಗದ್ದೆಗಳು ಹರಡಿದವು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ಕೃಪೆಯಿದು.

ನನ್ನ ಹಳೆಯ ಶಿಷ್ಯನೊಬ್ಬ ಸಿಂಧನೂರಿನ ಬಳಿಯ ಹಳ್ಳಿಯಲ್ಲಿದ್ದಾನೆ. ಈಗ ಜೀವಶಾಸ್ತ್ರದ ಅಧ್ಯಾಪಕ. ಅವನ ತಂದೆ ಗದ್ದೆಯ ನೀರಿನಲ್ಲಿ ತೇಲುತ್ತಿದ್ದ ಹಾವಸೆಯನ್ನು ತೋರಿಸಿ, “ಇದು ಬೆಳಿಗೆ ಚಲೋ ರೀ, ಮಾಸ್ತರ್ರ” ಎಂದರು. ನಿಜವೇ. ನೀಲಿ-ಹಸಿರು ಪಾಚಿಯು ಗಾಳಿಯ ಸಾರಜನಕವನ್ನು ಹಿಡಿದು ಭತ್ತಕ್ಕೆ ಉಣಿಸುವುದನ್ನು ಪಿ. ಕೆ. ಡೇ ಎಂಬ ವಿಜ್ಞಾನಿ 1939ರಷ್ಟು ಹಿಂದೆಯೇ ತೋರಿಸಿದ್ದರು.

ಅಲ್ಲಿಂದ ಊರ ಕುಡಿಯುವ ನೀರಿನ ಕೆರೆಗೆ ಹೋದೆವು. ಕಾಲುವೆ ನಿಂತ ತಿಂಗಳುಗಳಿಗಾಗಿ ನೀರನ್ನು ಕೂಡಿಟ್ಟ ಕೆರೆ. ಅದರ ಒಂದು ಮೂಲೆಯಲ್ಲಿ ಬಣ್ಣ ಕದಡಿದಂತೆ ದಟ್ಟ ಹಸಿರು!

“ಗದ್ದೆಯ ಗೆಳೆಯನೇ ಇಲ್ಲಿ ವೈರಿಯೆ?” ಎಂದು ಕೇಳಿದೆ.

“ಜಾತಿ ಬೇರೆಯಿರಬಹುದು ಸರ್, ವಂಶ ಒಂದೇ” ಎಂದು ಶಿಷ್ಯ ನಕ್ಕ. ನೀರು ನಿಂತಿರಬೇಕು, ಬೆಚ್ಚಗಿರಬೇಕು, ಬಿಸಿಲು ಬೀಳಬೇಕು, ಗೊಬ್ಬರದ ರಂಜಕ, ಸಾರಜನಕಗಳು ಬೆರೆತಿರಬೇಕು. ಇವು ಕೂಡಿದರೆ ಕಣ್ಣಿಗೆ ಕಾಣದ ಸಸ್ಯಗಳು ಕೆಲವೇ ದಿನಗಳಲ್ಲಿ ನೀರನ್ನು ಮುಸುಕುತ್ತವೆ. ಮೂಲ ಜಲಾಶಯವೇ ಈಚಿನ ವರ್ಷಗಳಲ್ಲಿ ಹಲವು ಬಾರಿ ಹಸಿರಾದದ್ದುಂಟು.

ಕಾರವಾರದ ಕಾಳಿ ಅಳಿವೆ ನನಗೆ ನೆನಪಾಯಿತು. ಅಲ್ಲಿಯ ನೀರು ನಿಲ್ಲುವುದೇ ಇಲ್ಲ. ಉಬ್ಬರ ಇಳಿತಗಳು ದಿನವೂ ಅದನ್ನು ಕಲಕುತ್ತವೆ. ಮಳೆಗಾಲದ ಕೆಸರು ಬೆಳಕನ್ನು ತಡೆಯುತ್ತದೆ, ಪ್ರವಾಹವು ಸೂಕ್ಷ್ಮಸಸ್ಯಗಳನ್ನು ಕಡಲಿಗೆ ತಳ್ಳುತ್ತದೆ. ಮಳೆ ಹಿಂದೆಗೆದು ನೀರು ತಿಳಿಯಾಗಿ ಉಪ್ಪೇರಿದಾಗ, ಗಾಜಿನಂಥ ಕವಚದ ಡಯಾಟಮ್‌ಗಳು ಹೆಚ್ಚುತ್ತವೆ. ಮೀನು ಚಿಪ್ಪುಗಳಿಗೆ ಅವೇ ಅನ್ನ. ನೀರಿನ ಸ್ಥಿತಿ ಎಂತೋ ಅದರ ಬೆಳೆಯೂ ಅಂತೆಯೇ.

ಮನೆಗೆ ಬಂದಾಗ ಶಿಷ್ಯನ ತಾಯಿ ತಂಬಿಗೆ ಮುಂದಿಟ್ಟರು. “ಸೋಸಿ ಕಾಸೀನ್ರೀ, ಕುಡೀರಿ.” ನಾನು ಕೈ ಚಾಚಿದೆ. ಶಿಷ್ಯ ಮೆಲ್ಲಗೆ ತಡೆದ.

“ಯವ್ವಾ, ಕಾಸಿದ್ರ ರೋಗದ ಹುಳ ಸಾಯ್ತಾವ, ಈ ಪಾಚಿ ನಂಜು ಬಿಟ್ಟಿದ್ರ ಅದು ಕಾಸಿದ್ರೂ ಹೋಗೂದಿಲ್ಲ.” ಎಲ್ಲ ಪಾಚಿಯೂ ವಿಷವಲ್ಲ, ಆದರೆ ಯಾವುದು ವಿಷವೆಂದು ಕಣ್ಣು ಹೇಳಲಾರದು. ಪಾಚಿಯನ್ನು ಒಡೆಯದಂತೆ ಪಟಿಕದಿಂದ ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಕರಗಿದ ನಂಜನ್ನು ವಿಶೇಷ ಇದ್ದಿಲಿನಿಂದ ಹೀರಿಸಬೇಕಂತೆ.

ತಾಯಿಯ ಮುಖ ಬಾಡಿತು. “ಇಷ್ಟು ದಿನ ಕೂಸುಗಳಿಗೆ ಇದನ್ನೇ ಕುಡಿಸೀನಲ್ಲೋ!” ಮರುಕ್ಷಣವೇ ಕೊಡವನ್ನು ಸೊಂಟಕ್ಕೇರಿಸಿ ಊರಿನ ಶುದ್ಧ ನೀರಿನ ಘಟಕದತ್ತ ನಡೆದರು.

ಮಸ್ಕಿಯ ಲಿಪಿಯನ್ನು ಓದಲು ಪಂಡಿತರು ಬೇಕಾಯಿತು. ಕೆರೆಯ ಈ ಹಸಿರು ಲಿಪಿಯನ್ನು ಮಾತ್ರ ನೀರು ತರುವ ಪ್ರತಿಯೊಬ್ಬ ತಾಯಿಯೂ ಓದಬಲ್ಲವಳಾಗಬೇಕು.