ಕೂಸಿನ ಹೆಸರಿಗೊಂದು ಪ್ರಾಮಿಸರಿ ನೋಟು

ಪ್ರಾಮಿಸರಿ ನೋಟು ಬಲ್ಲವರ ವ್ಯವಹಾರ. ಬರೆದುಕೊಟ್ಟವನಿಗೆ ಚಿಂತೆ, ಬರೆಸಿಕೊಂಡವನಿಗೆ ಭರವಸೆ. ಇನ್ನೂ ತೊಟ್ಟಿಲಿನಲ್ಲಿರುವ ಕೂಸಿಗೆ ಅಂಥ ಪತ್ರ ಬರೆದುಕೊಟ್ಟ ಪುಣ್ಯಾತ್ಮರು ವಿರಳ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಮೇಯರ್ ಬೆಂಜಮಿನ್ ಬ್ರಾಡ್‌ಬೆಂಟ್ ಅಂಥವರೊಬ್ಬರು.

ಅದು ಉಣ್ಣೆಯ ಗಿರಣಿಗಳ ಊರು. 1900ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 150 ವರ್ಷ ತುಂಬುವ ಮೊದಲೇ ಕಣ್ಮುಚ್ಚುತ್ತಿದ್ದುವು. ಬೇಸಗೆ ಬಂತೆಂದರೆ ಭೇದಿಯ ಹಾವಳಿ. ಕೆಟ್ಟ ಹಾಲು, ಲದ್ದಿಯಿಂದೆದ್ದು ಬಂದ ನೊಣ, ತೊಳೆಯಲಾಗದಷ್ಟು ಉದ್ದದ ರಬ್ಬರು ಕೊಳವೆಯ ಹಾಲುಸೀಸೆ—ಇವೇ ಯಮದೂತರು. ಕೊಟ್ಟ ದೇವರೇ ಕರೆದುಕೊಂಡನೆಂದು ಕಣ್ಣೊರೆಸಿಕೊಳ್ಳುವುದು ಮಾತ್ರ ತಾಯಂದಿರಿಗೆ ಉಳಿದಿದ್ದ ದಾರಿ.

1904ರ ನವೆಂಬರಿನಲ್ಲಿ ಮೇಯರಾದ ಬ್ರಾಡ್‌ಬೆಂಟ್, ಆ ವರ್ಷ ಲಾಂಗ್‌ವುಡ್ ಭಾಗದಲ್ಲಿ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಮೊದಲ ಹುಟ್ಟುಹಬ್ಬವನ್ನು ಕಂಡ ದಿನ ಒಂದು ಪೌಂಡು ಕೊಡುವುದಾಗಿ ಬರೆದುಕೊಟ್ಟರು. ಜೊತೆಗೆ ಶಿಶುಪಾಲನೆಯ ಸಲಹೆಗಳು ಹೋದುವು. ಮನೆಮನೆಗೆ ಹೋಗಿ ವಿಚಾರಿಸುವ ಮಹಿಳೆಯರೂ ಹೋದರು. 112 ಶಿಶುಗಳಲ್ಲಿ 107 ಬದುಕಿ ಉಳಿದುವು.

ಒಂದು ಬಡಾವಣೆಯ ಒಂದು ವರ್ಷದ ಲೆಕ್ಕದಿಂದ ಸಿದ್ಧಾಂತ ಕಟ್ಟಲಾಗದು, ನಿಜ. ವರ್ಷ ಕಳೆದ ಮೇಲೆ ಕೈಸೇರುವ ಪೌಂಡು ಹಾಲನ್ನು ಶುದ್ಧಗೊಳಿಸುವುದೂ ಇಲ್ಲ. ಆದರೆ ಆ ಪತ್ರದ ನೆಪದಲ್ಲಿ ಒಂದು ಕೆಲಸವಾಯಿತು: ಕೂಸು ಹುಟ್ಟಿದ ಸುದ್ದಿ ಬೇಗ ತಿಳಿಯಿತು. ಅಂದಿನ ಕಾನೂನು ಜನನವನ್ನು ದಾಖಲೆ ಮಾಡಿಸಲು 42 ದಿನಗಳ ಅವಕಾಶ ಕೊಟ್ಟಿತ್ತು. ಎಳೆಯ ಜೀವಕ್ಕೆ ಅತ್ಯಂತ ಅಪಾಯದ ದಿನಗಳೂ ಅವೇ! ಕಚೇರಿಗೆ ಹುಟ್ಟಿನ ಸುದ್ದಿ ಮುಟ್ಟುವ ಮೊದಲೇ ಎಷ್ಟೋ ತೊಟ್ಟಿಲುಗಳು ಬರಿದಾಗುತ್ತಿದ್ದುವು.

ಈ ಮರ್ಮವನ್ನರಿತ ಊರು 1906ರಲ್ಲಿ ತನಗಾಗಿಯೇ ಒಂದು ಕಾಯಿದೆ ಮಾಡಿಸಿಕೊಂಡಿತು: ಹುಟ್ಟಿದ 48 ಗಂಟೆಗಳೊಳಗೆ ಆರೋಗ್ಯಾಧಿಕಾರಿಗೆ ತಿಳಿಸಬೇಕು. ಆಗ ಆರೋಗ್ಯಾಧಿಕಾರಿಯಾಗಿದ್ದ ಸ್ಯಾಮ್ಸನ್ ಮೂರ್ ಅವರ ಕೈಕೆಳಗೆ ಮಹಿಳಾ ವೈದ್ಯರು ಬಾಣಂತಿಯರ ಮನೆಗಳಿಗೆ ಹೋದರು. 1907ರಲ್ಲಿ ಇಂಥದೇ ಕಾಯಿದೆ ಒಪ್ಪಿದ ಊರುಗಳಿಗೆಲ್ಲ ದೊರೆಯಿತು, 1915ರಲ್ಲಿ ಕಡ್ಡಾಯವಾಯಿತು.

ಬಡವಿಯ ಮನೆಗೆ ಬುದ್ಧಿಮಾತು ಹೊತ್ತೊಯ್ಯುವುದು ಸುಲಭ. ಅವಳ ಬೀದಿಯ ಕೊಳೆ ತೆಗೆಯುವುದು, ಅವಳ ಗಂಡನ ಕೂಲಿ ಹೆಚ್ಚಿಸುವುದು ಕಷ್ಟ. ಆ ಕಷ್ಟದ ಕೆಲಸಕ್ಕೆ ಬ್ರಾಡ್‌ಬೆಂಟರ ಪತ್ರ ಬದಲಿಯಾಗಲಾರದು. ಆದರೂ ಗಿರಣಿಯ ಹೊಗೆಯ ನಡುವೆ ಹಡೆದ ತಾಯಿಗೆ ಅದು ಒಂದು ಮಾತು ಹೇಳಿತು: ನಿನ್ನ ಕೂಸು ಹುಟ್ಟಿದ್ದು ಊರಿಗೆ ಗೊತ್ತು, ಅದು ಬದುಕಲೇಬೇಕೆಂದು ಊರೂ ಕಾಯುತ್ತಿದೆ. ಅದುವರೆಗೆ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.